ಕಮಲಾಕ್ಷ ಮಾವನ ತಂಪು ಪ್ಲಗ್ಗುಗಳು

ಆ ದಿನ ನನಗಿದ್ದ ಚಿಂತೆ ಸಣ್ಣದು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಕೌಂಟರಿನ ಹಿಂದೆ ನಿಂತ ಮನುಷ್ಯನ ಮುಖ ನೋಡಿ, ನೈಟ್ರಸ್ ಹಾಕಿದ ಎಂಜಿನ್ನಿಗೆ ಯಾವ ಸ್ಪಾರ್ಕ್ ಪ್ಲಗ್ ಆಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಬೇಕಿತ್ತು. ಬೆಳಗ್ಗಿನಿಂದ ಆ ಒಂದು ವಾಕ್ಯವನ್ನು ಬಾತ್‌ರೂಮಿನ ಕನ್ನಡಿಯ ಮುಂದೆ ಹದಿನಾಲ್ಕು ಸಲ ಹೇಳಿದ್ದೆ. ಹದಿನೈದನೆಯ ಸಲಕ್ಕೆ ಗುಲಾಬಿ ಅತ್ತೆ ಬಾಗಿಲು ತಟ್ಟಿ, "ಯಾರ ಹತ್ರ ಮಾತಾಡ್ತಿದ್ದಿ ಪ್ರಾರ್ಥನಾ? ಹುಡುಗ ಗಿಡುಗ ಉಂಟಾದ್ರೆ ಹೊರಗೆ ಬಂದು ಹೇಳು ಮಾರಾಯ್ತಿ, ಅಲ್ಲಿ ನೀರು ವೇಸ್ಟ್ ಆಗ್ತದೆ" ಎಂದರು.

ದೊಡ್ಡ ಚಿಂತೆ ಇನ್ನೊಂದಿತ್ತು. ಅದನ್ನು ಡೈರಿಯಲ್ಲಿ ಬರೆಯಲು ಮೂರು ದಿನ ಪೆನ್ನು ಹಿಡಿದು ಕೂತು, ಮೂರು ದಿನವೂ ಹವೆಯ ಬಗ್ಗೆ ಬರೆದಿದ್ದೆ. ವಿಷಯ ಇಷ್ಟೇ. ಕಮಲಾಕ್ಷ ಮಾವನಿಗೆ ಆಗಾಗ ಕರೆಂಟು ಹೋಗುತ್ತಿತ್ತು. ಮಾತಾಡುತ್ತಿದ್ದವರು ಪದದ ನಡುವೆ ನಿಂತುಬಿಡುತ್ತಿದ್ದರು. ಕಣ್ಣು ತೆರೆದೇ ಇರುತ್ತಿತ್ತು, ಒಳಗೆ ಮಾತ್ರ ಯಾರೂ ಇರುತ್ತಿರಲಿಲ್ಲ. ಹತ್ತು ಹದಿನೈದು ಸೆಕೆಂಡು ಕಳೆದ ಮೇಲೆ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಹಿಂದಿನ ತಿಂಗಳು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಹಾಗಾದಾಗ ಸ್ಟಿಯರಿಂಗ್ ಅವರ ಕೈಯಲ್ಲಿತ್ತು, ಪಕ್ಕದ ಸೀಟಿನಲ್ಲಿ ನಾನಿದ್ದೆ. ಕಾರು ರಸ್ತೆ ಬದಿಯ ಮೂರು ಕಸದ ಡಬ್ಬಗಳನ್ನು ಮಲಗಿಸಿ, ನಾಲ್ಕನೆಯದಕ್ಕೆ ಒರಗಿ ನಿಂತಿತು. ಮಾವ ಇಳಿದು ನೋಡಿ, "ಯಾವ ಬೇವರ್ಸಿ ಮಾರಾಯ ಡಬ್ಬ ಇಲ್ಲಿಟ್ಟದ್ದು?" ಎಂದರು.

ವೆಸ್ಟ್‌ಮೀಡ್ ಆಸ್ಪತ್ರೆಯ ಡಾಕ್ಟರು ಮಾವನನ್ನೂ ನನ್ನನ್ನೂ ಎದುರು ಕೂರಿಸಿಕೊಂಡು, ತಲೆಯ ಸ್ಕ್ಯಾನ್ ಆಗಿ ನರತಜ್ಞರು ನೋಡಿ ಒಪ್ಪುವವರೆಗೆ ಸ್ಟಿಯರಿಂಗ್ ಮುಟ್ಟಬಾರದು ಎಂದರು. ಮಾವ ತಲೆಯಾಡಿಸಿದರು. "ನೀನೂ ಕೇಳಿಸಿಕೊಂಡೆ ತಾನೇ?" ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನೂ ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ತಲೆಯಾಡಿಸುವುದು ಆನುವಂಶಿಕ.

ಲಿಫ್ಟಿನಲ್ಲಿ ಮಾವ ಹೇಳಿದ್ದು: "ಅತ್ತೆಗೆ ಹೇಳಬೇಡ. ಅವಳಿಗೆ ಗೊತ್ತಾದ್ರೆ ಉಡುಪಿಗೆ ಗೊತ್ತಾಗ್ತದೆ, ಉಡುಪಿಗೆ ಗೊತ್ತಾದ್ರೆ ಮೆಲ್ಬರ್ನಿಗೆ ಗೊತ್ತಾಗ್ತದೆ. ಇಪ್ಪತ್ತು ವರ್ಷದಿಂದ ಆ ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ತಿದ್ದೇನೆ. ಇನ್ನು ಅದೇ ಮಂಚದಲ್ಲಿ ನಾನು ಮಲಗುದಾ?"

ನಾನು ಅವರ ತಂಗಿಯ ಮಗಳು. ಸ್ಟ್ಯಾಟಿಸ್ಟಿಕ್ಸಿನಲ್ಲಿ ಮಾಸ್ಟರ್ಸ್ ಮುಗಿಸಿ ಎಂಟು ತಿಂಗಳಿಂದ ಕೆಲಸವಿಲ್ಲದೆ ಅವರ ಮನೆಯಲ್ಲಿದ್ದವಳು. ಅವರ ಅನ್ನ ಉಣ್ಣುತ್ತ ಅವರ ಗುಟ್ಟು ಒಡೆಯುವುದು ಹೇಗೆ?

ಮೆಲ್ಬರ್ನ್ ಎಂದರೆ ಚೆನ್ನು. ಅತ್ತೆಯ ತಮ್ಮ. ಊರಿನಲ್ಲಿ ಚೆನ್ನಪ್ಪ ಆಗಿದ್ದವನು ಇಲ್ಲಿ ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಅಪ್ಪನನ್ನು ಬಿಟ್ಟು ಬರೇ ಚೆನ್ನು ಆಗಿದ್ದ. ಈಸ್ಟರ್ ರಜೆಗೆ ಸಿಡ್ನಿಗೆ ಬಂದಾಗ ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ, ಅಕ್ಕಪಕ್ಕದ ಮೂರು ಟೇಬಲಿಗೆ ಕೇಳುವ ಹಾಗೆ ಅಂದಿದ್ದ: "ನಮ್ಮ ಭಾವನ ಕಾರು ಗೊತ್ತುಂಟಲ್ಲ? ಮೊನ್ನೆ ಅದನ್ನು ವಾಕರ್ ಹಿಡಿದುಕೊಂಡ ಒಂದು ಅಜ್ಜಿ ಓವರ್‌ಟೇಕ್ ಮಾಡಿತು. ಅಜ್ಜಿಯೇ ನಿಂತು ಸಾರಿ ಹೇಳಿತು."

ಮೂರು ಟೇಬಲೂ ನಕ್ಕವು. ಮಾವ ನೀರುದೋಸೆ ಕೆಳಗಿಟ್ಟರು. "ನನ್ನ ಕಾರಲ್ಲಿ ನೈಟ್ರಸ್ ಉಂಟು" ಎಂದರು.

ಇದು ಸುಳ್ಳಲ್ಲ. ಮಾವ ಆ ಹಳೆಯ ಜಪಾನಿ ಕಾರನ್ನು ಊರು ಬಿಟ್ಟು ಹೋಗುತ್ತಿದ್ದ ಯಾವನೋ ಒಬ್ಬನಿಂದ ಕೊಂಡಾಗ, ಡಿಕ್ಕಿಯಲ್ಲಿ ಒಂದು ನೀಲಿ ಸಿಲಿಂಡರ್ ಬಿಗಿದಿತ್ತು. ಎರಡು ವರ್ಷ ಮಾವ ಅದನ್ನು ಬೆಂಕಿ ಆರಿಸುವ ಸಿಲಿಂಡರ್ ಎಂದೇ ತಿಳಿದಿದ್ದರು. ಆಯುಧಪೂಜೆಯ ದಿನ ಅತ್ತೆ ಅದಕ್ಕೂ ಕುಂಕುಮ ಇಟ್ಟು, ಬೆಂಕಿಯಿಂದ ಕಾಪಾಡಪ್ಪ ಎಂದು ಕೈಮುಗಿಯುತ್ತಿದ್ದರು. ಮೆಕ್ಯಾನಿಕ್ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ ಮೇಲೆಯೇ ಗೊತ್ತಾದದ್ದು: ಅದು ಬೆಂಕಿ ಆರಿಸುವುದಲ್ಲ, ನೈಟ್ರಸ್ ಎಂಬ ಗ್ಯಾಸು, ಎಂಜಿನ್ನಿನ ಒಳಗಿನ ಬೆಂಕಿಯನ್ನು ಹೆಚ್ಚಿಸುವುದು. ರೇಸಿನವರು ಇಟ್ಟುಕೊಳ್ಳುವುದು, ರಸ್ತೆಯ ಮೇಲೆ ಬಿಡುವಂತಿಲ್ಲ. ಈಗಿರುವ ಪ್ಲಗ್ಗಿನಲ್ಲಿ ಬಿಟ್ಟರೆ ಪಿಸ್ಟನ್ ಕರಗಿ ಹೋಗುತ್ತದೆ ಎಂದೂ ಆತ ಹೇಳಿದ. ಮಾವ ಬೆಚ್ಚಲಿಲ್ಲ. "ನೈಟ್ರಸ್ಸಾ? ನಮ್ಮ ಹೆರಿಗೆ ವಾರ್ಡಲ್ಲಿ ನೋವಿಗೆ ಕೊಡುದು ಅದನ್ನೇ. ದಿನಾ ತಳ್ತೇನೆ ಮಾರಾಯ" ಎಂದರು.

"ಹಾಗಾದ್ರೆ ಬನ್ನಿ ಭಾವ" ಎಂದ ಚೆನ್ನು. "ಮೆಲ್ಬರ್ನಿನ ಹೊರಗೆ ಡ್ರ್ಯಾಗ್ ಸ್ಟ್ರಿಪ್ ಉಂಟು, ಎರಡೆರಡು ಕಾರು ಪಕ್ಕಪಕ್ಕ ರೇಸ್ ಬಿಡುವ ನೇರ ದಾರಿ. ಭಾನುವಾರ ಬೆಳಿಗ್ಗೆ ಯಾರು ಬೇಕಾದ್ರೂ ಕಾರು ತರಬಹುದು. ನಾನೂರು ಮೀಟರ್. ನೀವು, ನಾನು."

ಬರುತ್ತೇನೆ ಎಂದು ಮಾವ ತಲೆಯಾಡಿಸಿದರು. ಅದಾದ ಎರಡನೆಯ ವಾರಕ್ಕೆ ಕಸದ ಡಬ್ಬಗಳು ಬಿದ್ದವು.

ಹೀಗೆ ನಾನು ಅಂಗಡಿಯ ಕೌಂಟರಿನ ಮುಂದೆ ನಿಂತದ್ದು. ಕೌಂಟರಿನಲ್ಲಿದ್ದವನು ಸ್ಟಾವ್ರೋಸ್ ಎಂಬ ಬೋಳುತಲೆಯ ಗ್ರೀಕ್ ಮುದುಕ. ಹದಿನೈದು ಸಲ ಅಭ್ಯಾಸ ಮಾಡಿದ ವಾಕ್ಯದಲ್ಲಿ ಬಾಯಿಂದ ಹೊರಗೆ ಬಂದದ್ದು 'ಹಲೋ' ಮಾತ್ರ. ಉಳಿದದ್ದನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ. ಆತ ಕನ್ನಡಕ ಏರಿಸಿ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಾ ಓಡಿಸುವುದು?" ಎಂದ. ತಲೆ ಅಡ್ಡಡ್ಡ ಆಡಿಸಿದೆ. ಆತನಿಗೆ ಸಮಾಧಾನವಾದ ಹಾಗೆ ಕಂಡಿತು.

ಪುಣ್ಯಾತ್ಮ ಬಿಡಿಸಿ ಹೇಳಿದ. ನೈಟ್ರಸ್ ಬಿಟ್ಟಾಗ ಒಳಗೆ ಶಾಖ ವಿಪರೀತ. ಆ ಶಾಖವನ್ನು ಪ್ಲಗ್ ಬೇಗ ಹೊರಗೆ ದಾಟಿಸಬೇಕು, ಇಲ್ಲವಾದರೆ ಅದರ ತುದಿಯೇ ಕೆಂಡವಾಗಿ ಕಿಡಿಗೆ ಮೊದಲೇ ಬೆಂಕಿ ಹಚ್ಚುತ್ತದೆ. ಬೇಗ ದಾಟಿಸುವುದಕ್ಕೆ ಕೋಲ್ಡ್ ಪ್ಲಗ್ ಎನ್ನುತ್ತಾರೆ. "ನಿಮ್ಮ ಕಾರಿನಲ್ಲಿ ಈಗಿರುವುದು ಆರನೇ ನಂಬರ್. ಒಂದು ಮೆಟ್ಟಿಲು ತಂಪು ಸಾಕು, ಏಳು. ತುದಿಯ ಗ್ಯಾಪ್ ಸೊನ್ನೆ ಪಾಯಿಂಟ್ ಏಳು ಮಿಲಿಮೀಟರಿಗೆ ಇಳಿಸಿ. ಅಗಲವಾದರೆ ಆ ಒತ್ತಡಕ್ಕೆ ಕಿಡಿ ಊದಿಹೋಗುತ್ತದೆ."

ಮನೆಗೆ ಫೋನು ಮಾಡಿದೆ. ಮಾವ ಸ್ಪೀಕರಿಗೆ ಹಾಕಿ, ಮೆಲ್ಬರ್ನಿನ ಚೆನ್ನುವನ್ನೂ ಜೋಡಿಸಿದರು. ಪಕ್ಕದ ಫ್ಲ್ಯಾಟಿನ ಸಂಪತ್ ಅಂಕಲ್ ಆಗಲೇ ನಮ್ಮ ಸೋಫಾದಲ್ಲಿದ್ದರು. ಬೆಂಗಳೂರಿನ ಐಟಿ ಮನುಷ್ಯ. ಯಾವ ವಿಷಯವಾದರೂ ಎರಡು ವೀಡಿಯೋ ನೋಡಿದರೆ ಅದರಲ್ಲಿ ಅವರಿಗೆ ಹತ್ತು ವರ್ಷದ ಅನುಭವ.

"ಏಳಂತೆ ಮಾವ" ಎಂದೆ.

"ರಾಂಗ್!" ಎಂದ ಚೆನ್ನು. "ನಂಬರ್ ಹೆಚ್ಚಾದ್ರೆ ಉಷ್ಣ ಹೆಚ್ಚು. ಐದು ತಗೊಳ್ಳಿ."

"ಚೆನ್ನು, ನಿಮ್ ಕಾರಲ್ಲಿ ಪ್ಲಗ್ಗೇ ಇಲ್ವಲ್ರೀ" ಎಂದರು ಸಂಪತ್ ಅಂಕಲ್. "ನಂಬರ್ ಜಾಸ್ತಿ ಆದ್ರೆ ಕೂಲ್ ಜಾಸ್ತಿ. ನಾನ್ ಕಂಪ್ಲೀಟ್ ರಿಸರ್ಚ್ ಮಾಡಿದೀನಿ."

ಎರಡನ್ನೂ ಟೈಪ್ ಮಾಡಿ ತೋರಿಸಿದೆ. ಇಬ್ಬರೂ ಸರಿ ಎಂದ ಸ್ಟಾವ್ರೋಸ್. ಈ ಕಂಪನಿಯವರು ತಂಪಿನ ಕಡೆಗೆ ಎಣಿಸುತ್ತಾರೆ, ಇನ್ನೊಂದು ಕಂಪನಿಯವರು ಉಷ್ಣದ ಕಡೆಗೆ. ಇದನ್ನು ನಾನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡಿದ್ದರು.

"ಒಂದು ಮೆಟ್ಟಿಲು ತಂಪು ಎಲ್ಲಿಗೆ ಸಾಕು? ಇವರ ಮೈಯೇ ಉಷ್ಣ, ಕಾರೂ ಉಷ್ಣ, ಅದರ ಮೇಲೆ ಆ ಗ್ಯಾಸು ಬೇರೆ. ಮೂರು ಮೆಟ್ಟಿಲು ತಂಪು ಕೊಡ್ಲಿಕ್ಕೆ ಹೇಳು. ಮಜ್ಜಿಗೆ ಎರಡು ಲೋಟ ಹೆಚ್ಚು ಕುಡಿದು ಯಾರಾದ್ರೂ ಸತ್ತದ್ದುಂಟಾ?"

ಮೆಲ್ಬರ್ನಿನಿಂದ ಒಪ್ಪಿಗೆ ಬಂತು. ಸೋಫಾದಿಂದಲೂ ಬಂತು. ಒಂಬತ್ತನೇ ನಂಬರ್ ಎಂದು ತೀರ್ಮಾನವಾಯಿತು. ಸ್ಟಾವ್ರೋಸ್ ನಾಲ್ಕು ಡಬ್ಬಿ ತೆಗೆದಿಡುತ್ತ ಹೇಳಿದ: "ಇದು ತೀರಾ ತಂಪು. ಮೆಲ್ಲಗೆ ಓಡಿಸಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಇದರ ಕೈಲಾಗದು. ಉಸಿರು ಕಟ್ಟುತ್ತದೆ. ಅವರಿಗೆ ಹೇಳು."

ತಲೆಯಾಡಿಸಿದೆ. ಹೇಳಲಿಲ್ಲ. ಅತ್ತೆಯ ಮಜ್ಜಿಗೆಗೆ ಎದುರು ಮಾತಾಡುವ ಶಕ್ತಿ ಇದ್ದಿದ್ದರೆ ನನಗೆ ಯಾವತ್ತೋ ಕೆಲಸ ಸಿಕ್ಕಿರುತ್ತಿತ್ತು.

ಗ್ಯಾಪ್ ಇಳಿಸುವ ಶಾಸ್ತ್ರ ನಮ್ಮ ಊಟದ ಮೇಜಿನ ಮೇಲೆ ನಡೆಯಿತು. ಮೆಕ್ಯಾನಿಕ್‌ನಿಂದ ತಂದಿದ್ದ ಗೇಜಿನಲ್ಲಿ ಎಲೆ ಎಲೆಯಾಗಿ ತೆಳು ಉಕ್ಕಿನ ಪಟ್ಟಿಗಳಿದ್ದವು. ಏಳರ ಪಟ್ಟಿ ಪ್ಲಗ್ಗಿನ ಎರಡು ತುದಿಗಳ ನಡುವೆ ಉಜ್ಜಿ ಉಜ್ಜದ ಹಾಗೆ ಹೋಗಿ ಬರಬೇಕು. ಸಂಪತ್ ಅಂಕಲ್ ಟಾರ್ಚ್ ಹಿಡಿದರು. ಮಾವ ತುದಿಯನ್ನು ಮೇಜಿಗೆ ಮೆಲ್ಲಗೆ ತಟ್ಟಿ, ಪಟ್ಟಿ ತೂರಿಸಿ, ಮತ್ತೆ ತಟ್ಟಿ, "ಇದು ಇನ್ನೂ ಸ್ವಲ್ಪ..." ಎಂದು ನಿಂತರು.

ಪ್ಲಗ್ ಕೈಯಲ್ಲಿ. ಕಣ್ಣು ಪ್ಲಗ್ಗಿನಿಂದಾಚೆ ಎಲ್ಲೋ. ನಾನು ಎಣಿಸತೊಡಗಿದೆ. ಆರು, ಏಳು, ಎಂಟು.

"ಶ್!" ಎಂದರು ಸಂಪತ್ ಅಂಕಲ್ ಪಿಸುದನಿಯಲ್ಲಿ. "ಏನ್ ಕಾನ್ಸಂಟ್ರೇಶನ್ ನೋಡಿ. ಕಣ್ ರೆಪ್ಪೆ ಕೂಡ ಹೊಡೀತಿಲ್ಲ. ನಮ್ ಆಫೀಸಿನ್ ಹುಡುಗ್ರನ್ನ ಕರ್ಕೊಂಬಂದು ತೋರಿಸ್ಬೇಕು ಇದನ್ನ."

ಹದಿಮೂರು. "...ಬಿಗಿಯಾಗ್ಲಿ" ಎಂದು ಮಾವ ಮುಗಿಸಿ, ಮತ್ತೊಮ್ಮೆ ತಟ್ಟಿದರು. ಸಂಪತ್ ಅಂಕಲ್ ಚಪ್ಪಾಳೆ ಹೊಡೆದರು.

ಸಿಡ್ನಿಯಿಂದ ಮೆಲ್ಬರ್ನಿಗೆ ಒಂಬತ್ತು ಗಂಟೆಯ ದಾರಿ. ಶುಕ್ರವಾರ ಬೆಳಿಗ್ಗೆ ಮಾವ ಕಾರಿನ ಕೀಲಿಗೆ ಕೈಹಾಕುವ ಮೊದಲೇ ನಾನು ಲೈಸೆನ್ಸಿಗೆ ಮೊದಲು ಓಡಿಸಿದ ಗಂಟೆಗಳನ್ನು ಬರೆದಿಡುವ ನನ್ನ ಲರ್ನರ್ ಲಾಗ್‌ಬುಕ್ ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ನನಗೆ ಇನ್ನೂ ಮೂವತ್ತೊಂದು ಗಂಟೆ ಬಾಕಿ ಉಂಟು ಮಾವ. ಪೂರ್ತಿ ನಾನೇ ಓಡಿಸ್ತೇನೆ. ಸಂಪತ್ ಅಂಕಲ್ ಪಕ್ಕದಲ್ಲಿ ಕೂತು ಕಲಿಸಲಿ. ನೀವು ಹಿಂದೆ ಕೂತು ನೈಟ್ರಸ್ ಬಾಟಲಿಯ ಶಬ್ದ ಕೇಳಿ." ನನ್ನ ಜೀವಮಾನದಲ್ಲೇ ಒಂದೇ ಉಸಿರಿಗೆ ಇಷ್ಟು ಮಾತು ಆಡಿರಲಿಲ್ಲ. ಒಂದೂ ಸುಳ್ಳಲ್ಲ, ಒಂದೂ ನಿಜವಲ್ಲ.

ಹೀಗೆ ನೈಟ್ರಸ್ ಕಟ್ಟಿದ ರೇಸಿನ ಕಾರು, ಹಿಂದೆ ಮುಂದೆ ಹಳದಿ ಎಲ್ ಬೋರ್ಡ್ ಅಂಟಿಸಿಕೊಂಡು, ಪೈಪು ಕಳಚಿದ ಬಾಟಲಿಯನ್ನು ಡಿಕ್ಕಿಯಲ್ಲಿ ಬಿಗಿದುಕೊಂಡು, ತೊಂಬತ್ತು ದಾಟದೆ ಹ್ಯೂಮ್ ಹೈವೇಯಲ್ಲಿ ಹೊರಟಿತು. ಎಲ್ಲ ಲಾರಿಗಳೂ ನಮ್ಮನ್ನು ದಾಟಿದವು. ಕ್ಯಾರವಾನ್ ಎಳೆಯುತ್ತಿದ್ದ ವೃದ್ಧ ದಂಪತಿ ದಾಟಿದರು. ಗೋಲ್ಬರ್ನ್ ಹತ್ತಿರ ಕಾರು ಒಮ್ಮೆ ಕೆಮ್ಮಿತು. ಗಂಡಗೈಯಲ್ಲಿ ಎರಡು ಸಲ. ಆಲ್ಬರಿ ದಾಟುವಾಗ ಕ್ಷಯರೋಗಿಯ ಹಾಗೆ ಕುಲುಕಿ ಕುಲುಕಿ ಕೆಮ್ಮತೊಡಗಿತು.

"ಫ್ಯುಯೆಲ್ ಪ್ರಾಬ್ಲಮ್" ಎಂದರು ಸಂಪತ್ ಅಂಕಲ್, ಮೂರನೆಯ ವೀಡಿಯೋ ನೋಡುತ್ತ.

"ಅಭ್ಯಾಸ ಇಲ್ಲ ಅದಕ್ಕೆ. ಪಳಗ್ತದೆ" ಎಂದರು ಮಾವ.

"ಶೀತ ಆಗಿದೆ" ಎಂದರು ಅತ್ತೆ. ಇಡೀ ಕಾರಿನಲ್ಲಿ ಸರಿಯಾಗಿ ರೋಗ ಹಿಡಿದವರು ಅವರೊಬ್ಬರೇ.

ಮೆಲ್ಬರ್ನಿನ ಟಾರ್ನೀಟಿನಲ್ಲಿದ್ದ ಚೆನ್ನುವಿನ ಮನೆ ಮುಟ್ಟುವಷ್ಟರಲ್ಲಿ ಎಂಜಿನ್ನಿನ ನಾಲ್ಕು ಸಿಲಿಂಡರಿನಲ್ಲಿ ಒಂದು ಸತ್ತು, ಕಾರು ಮೂರರಲ್ಲಿ ಕುಂಟುತ್ತಿತ್ತು. ಶನಿವಾರ ಬೆಳಿಗ್ಗೆ ಮಾವ ಪ್ಲಗ್ ಬಿಚ್ಚಿದಾಗ ನಾಲ್ಕೂ ಇದ್ದಿಲಿನಷ್ಟು ಕಪ್ಪಾಗಿದ್ದವು. ಅವುಗಳನ್ನು ಪೇಪರಿನ ಮೇಲಿಟ್ಟು ಗಂಡಸರು ಕಾಫಿಗೆ ಹೋದರು. ಪ್ಲಗ್ಗಿನ ಬಣ್ಣ ನೋಡಿದರೆ ಎಂಜಿನ್ನಿನ ಒಳಗೆ ನಡೆದದ್ದೆಲ್ಲ ಗೊತ್ತಾಗುತ್ತದಂತೆ. ಕಾಫಿಯ ನಂತರ ಅದರ ಅಧ್ಯಯನ ಎಂದು ಸಂಪತ್ ಅಂಕಲ್ ಘೋಷಿಸಿದ್ದರು.

ಅವರು ತಿರುಗಿ ಬರುವಾಗ ಪೇಪರ್ ಖಾಲಿ. ಅತ್ತೆ ಸಿಂಕಿನ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದರು. ಹುಣಸೆಹಣ್ಣು, ಪಾತ್ರೆ ಉಜ್ಜುವ ಸ್ಟೀಲ್ ನಾರು, ಚೆನ್ನುವಿನ ಹಳೆಯ ಟೂತ್‌ಬ್ರಶ್. ಬಟ್ಟೆಯ ಮೇಲೆ ನಾಲ್ಕು ಪ್ಲಗ್ ಹಬ್ಬದ ದೀಪದ ಕಂಬಗಳ ಹಾಗೆ ಥಳಥಳ ಹೊಳೆಯುತ್ತಿದ್ದವು.

"ಆಂಟೀ!" ಎಂದು ಸಂಪತ್ ಅಂಕಲ್ ಬಾಯಿ ಬಡಿದುಕೊಂಡರು. "ರೀಡಿಂಗ್ ಹೋಯ್ತಲ್ಲ ಆಂಟಿ! ಎಲ್ಲಾ ಡೇಟಾ ತೊಳೆದ್ಬಿಟ್ರಲ್ಲ!"

"ಎಂತ ಡೇಟಾ? ಮಸಿ ಇತ್ತು, ತೊಳೆದೆ. ನಾಳೆ ನಾಲ್ಕು ಜನ ನೋಡುವಾಗ ಇವರ ಮನೆಯಲ್ಲಿ ಹೆಂಗಸರಿಲ್ವಾ ಅಂತ ಕೇಳ್ಬಾರದಲ್ಲ."

ಸ್ಟೀಲ್ ನಾರಿನ ಉಜ್ಜಾಟಕ್ಕೆ ತುದಿಗಳೆಲ್ಲ ಬಗ್ಗಿದ್ದವು. ಒಂದರ ಬಾಯಿ ಪೂರ್ತಿ ಮುಚ್ಚಿತ್ತು, ಇನ್ನೊಂದು ಆಕಳಿಸುತ್ತಿತ್ತು. ಗೇಜು ಸಿಡ್ನಿಯ ಮೆಕ್ಯಾನಿಕ್‌ಗೆ ವಾಪಸಾಗಿತ್ತು. ಪ್ಲಗ್ ಇಲ್ಲದ ಕಾರಿನ ಮನೆಯಲ್ಲಿ ಗೇಜು ಎಲ್ಲಿಂದ ಬರಬೇಕು? ಅರ್ಧ ಗಂಟೆ ಮೂವರು ಗಂಡಸರು ಸೊನ್ನೆ ಪಾಯಿಂಟ್ ಏಳರ ದಪ್ಪಕ್ಕಾಗಿ ಮನೆ ಜಾಲಾಡಿದರು. ಉಗುರು ಕಟರ್, ಚಪಾತಿಯ ಅಂಚು, ಮದುವೆಯ ಕರೆಯೋಲೆ ಎಲ್ಲ ಪರೀಕ್ಷೆಗೆ ಬಂದವು. ಕೊನೆಗೆ ಸಂಪತ್ ಅಂಕಲ್ ಫೋನಿನಿಂದ ತಲೆಯೆತ್ತಿ, ಲೋಕದ ಎಲ್ಲ ಪ್ಲಾಸ್ಟಿಕ್ ಕಾರ್ಡುಗಳ ದಪ್ಪವೂ ಒಂದೇ, ಸೊನ್ನೆ ಪಾಯಿಂಟ್ ಏಳು ಆರು ಎಂದರು. ಮಾವ ಜೇಬಿನಿಂದ, ಡಾಕ್ಟರ ಹತ್ತಿರ ಹೋದಾಗ ತೋರಿಸುವ ತಮ್ಮ ಮೆಡಿಕೇರ್ ಕಾರ್ಡ್ ತೆಗೆದುಕೊಟ್ಟರು.

"ಆರು ಹೆಚ್ಚಾಯ್ತಲ್ಲ ಭಾವ?" ಎಂದ ಚೆನ್ನು.

"ಅಳೆದ ಮೇಲೆ ಒಂದು ಪೆಟ್ಟು ಮೆಲ್ಲ ಕೊಟ್ರೆ ಸರಿ ಆಗ್ತದೆ. ನಾವು ಹೆಂಡತಿಯ ಉಪ್ಪು ಸಾರಿಗೆ ನೀರು ಹಾಕಿ ಉಣ್ಣುದಿಲ್ವಾ?"

ಎಲ್ಲರೂ ನಕ್ಕರು. ನಾನು ಅತ್ತೆಯ ಹತ್ತಿರ ಹೋಗಿ ನಿಂತೆ. "ಅತ್ತೆ, ಮಾವ..." ಎಂದು ಶುರುಮಾಡಿದೆ.

"ಹೌದಲ್ವಾ!" ಎಂದು ಅತ್ತೆ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. "ನನಗೂ ಅದೇ ಅನಿಸಿತು ನೋಡು. ಇವರು ಹೀಗೆ ನಗುದು ಕಂಡು ಎಷ್ಟು ವರ್ಷ ಆಯ್ತೋ. ಆ ಗ್ಯಾಸ್ ಬಾಟಲಿ ದೇವರ ಹಾಗೆ ಬಂತು ನಮ್ಮ ಮನೆಗೆ."

ನಾನು ಚೆನ್ನುವಿನ ಟೂತ್‌ಬ್ರಶ್ ತೊಳೆದಿಟ್ಟೆ.

ಮಧ್ಯಾಹ್ನ ಮಾವ ಒಬ್ಬರೇ ಬಾನೆಟ್ಟಿನ ಮುಂದೆ ಇದ್ದಾಗ ಹೋಗಿ, "ಬೇಡ ಮಾವ" ಎಂದೆ. ಅವರಿಗೆ ಅರ್ಥವಾಯಿತು. ಕೈ ಒರೆಸಿಕೊಂಡು ಮೆಲುದನಿಯಲ್ಲಿ, "ನೀನು ಸ್ಟ್ಯಾಟಿಸ್ಟಿಕ್ಸ್ ಓದಿದವಳಲ್ವಾ? ನಾನೂರು ಮೀಟರ್ ಅಂದ್ರೆ ಹದಿನೈದು ಸೆಕೆಂಡು. ನನಗೆ ಕರೆಂಟು ಹೋಗುದೂ ಹದಿನೈದು ಸೆಕೆಂಡು. ಎರಡೂ ಒಟ್ಟಿಗೆ ಬರುವ ಚಾನ್ಸ್ ಎಷ್ಟುಂಟು, ಹೇಳು" ಎಂದರು.

ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ವಾರಕ್ಕೆ ನಾಲ್ಕು ಸಲ ಎಂದು ಹಿಡಿದರೆ ಉತ್ತರ ತೀರಾ ಸಣ್ಣದು. ಗಾಬರಿಯಾದಾಗ, ನಿದ್ದೆ ಕೆಟ್ಟಾಗ ಹೆಚ್ಚಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಸೇರಿಸಿದಾಗ ಅಷ್ಟು ಸಣ್ಣದಾಗಿ ಉಳಿಯಲಿಲ್ಲ. ಮಾವ ಎರಡು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ. ಉತ್ತರವನ್ನು ಅವರಿಗೆ ತೋರಿಸಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಟ್ರಿಪ್ಪಿನಲ್ಲಿ ಚಳಿಗಾಳಿ. ದಾರಿಯ ಎರಡು ಬದಿಗೂ ಕಾಂಕ್ರೀಟ್ ಗೋಡೆ. ಚೆನ್ನು ತನ್ನ ಬೆಳ್ಳಿ ಬಣ್ಣದ ಕಾರಿಗೆ ಒರಗಿ, ಟಾರ್ನೀಟಿನ ಕನ್ನಡಿಗರಲ್ಲಿ ಹದಿನೈದಿಪ್ಪತ್ತು ಜನರನ್ನು ಸೇರಿಸಿಕೊಂಡಿದ್ದ. ಯಾರೋ ಚಿತ್ರಾನ್ನದ ಡಬ್ಬಿ ತಂದಿದ್ದರು. ಕಾರುಗಳನ್ನು ತಪಾಸಣೆ ಮಾಡಲು ಬಂದವಳು ಮಾರ್ಗರೆಟ್ ಎಂಬ ಎಪ್ಪತ್ತರ ಹೆಂಗಸು, ಕೇಸರಿ ಜಾಕೆಟ್, ಕೈಯಲ್ಲಿ ರಟ್ಟಿನ ಹಲಗೆ. ಆಕೆ ಬಾಟಲಿಯ ಬಿಗಿ ನೋಡಿದಳು, ಪೈಪು ಎಳೆದು ನೋಡಿದಳು, ಮಾವನ ಹೆಲ್ಮೆಟ್ ತಟ್ಟಿದಳು, ಶೂ ನೋಡಿದಳು. ಒಂದು ಪ್ಲಗ್ ಬಿಚ್ಚಿಸಿ ಬೆಳಕಿಗೆ ಹಿಡಿದು, "ನಲವತ್ತು ವರ್ಷದಲ್ಲಿ ಇಷ್ಟು ಚೊಕ್ಕಟ ಪ್ಲಗ್ ನೋಡಿರಲಿಲ್ಲ. ಏನು ಹಾಕಿ ತೊಳೆದಿರಿ?" ಎಂದು ಕೇಳಿದಳು. ಅತ್ತೆ ಎದೆಯುಬ್ಬಿಸಿ "ಟ್ಯಾಮರಿಂಡ್" ಎಂದರು. ಮಾರ್ಗರೆಟ್ ಅದನ್ನು ಬರೆದುಕೊಂಡಳು.

ಎಲ್ಲವೂ ಪಾಸಾಯಿತು. ತಂಪು ಪಾಸು, ಗ್ಯಾಪ್ ಪಾಸು, ಬಾಟಲಿ ಪಾಸು. ಉಳಿದದ್ದು ಒಂದು ಕಾಗದ. ಮಾರ್ಗರೆಟ್ ಅದನ್ನು ಬಾನೆಟ್ಟಿನ ಮೇಲಿಟ್ಟು ಮಾವನಿಗೆ ಪೆನ್ನು ಕೊಟ್ಟಳು. ನಾನು ಅವರ ಭುಜದ ಹಿಂದೆ ನಿಂತು ಓದಿದೆ. ಹೆಸರು. ಲೈಸೆನ್ಸ್ ನಂಬರ್. ಏಳನೆಯ ಸಾಲು: ವಾಹನ ಚಲಾಯಿಸಲು ಅಡ್ಡಿಯಾಗುವಂಥ ಕಾಯಿಲೆ, ಪ್ರಜ್ಞೆ ತಪ್ಪುವುದು ಇತ್ಯಾದಿ ಇದೆಯೇ? ಹೌದು, ಒಂದು ಚೌಕ. ಇಲ್ಲ, ಒಂದು ಚೌಕ.

ಮಾವನ ಪೆನ್ನು 'ಇಲ್ಲ'ದ ಚೌಕದ ಮೇಲೆ ಇಳಿಯಿತು. ಇಳಿದು, ನಿಂತಿತು.

ಮೂರು. ನಾಲ್ಕು. ಪೆನ್ನಿನ ತುದಿಯಲ್ಲಿ ಶಾಯಿಯ ಚುಕ್ಕೆ ದಪ್ಪವಾಗುತ್ತಿತ್ತು.

"ಓ, ಭಾವನಿಗೆ ಈಗ ಹೆದರಿಕೆ ಶುರುವಾಯ್ತು!" ಎಂದು ಚೆನ್ನು ಕೂಗಿದ.

ಆರು. ಏಳು.

"ಸುಮ್ನಿರಿ ಚೆನ್ನು, ಅವ್ರು ಫೋಕಸ್ ಮಾಡ್ತಿದಾರೆ" ಎಂದರು ಸಂಪತ್ ಅಂಕಲ್. "ಈ ಫೋಕಸ್ ನಾನ್ ನೋಡಿದೀನಿ. ನಿಮಗೆ ಇವತ್ತು ಚಾನ್ಸೇ ಇಲ್ಲ."

"ಪಾಪ, ಇಂಗ್ಲಿಷ್ ಓದುದು ಇವರಿಗೆ ಸ್ವಲ್ಪ ನಿಧಾನ" ಎಂದು ಅತ್ತೆ ಮಾರ್ಗರೆಟ್ ಕಡೆ ನೋಡಿ ನಕ್ಕರು. ಚಿತ್ರಾನ್ನದ ಡಬ್ಬಿಯವರೂ ನಕ್ಕರು. ಯಾರೋ ಫೋನಿನಲ್ಲಿ ಫೋಟೋ ತೆಗೆದರು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಮಾವ ಮಾತ್ರ ಅಲ್ಲಿಲ್ಲ.

ಹದಿನಾರು. ಹದಿನೇಳು. ಯಾವತ್ತೂ ಇಷ್ಟು ದೂರ ಎಣಿಸಿರಲಿಲ್ಲ. ಮಾವನ ಕಣ್ಣಿಗೆ ಬೆಳಕು ವಾಪಸು ಬಂತು. ಅವರು 'ಇಲ್ಲ' ಎಂದು ಗುರುತು ಹಾಕಿ, ಸಹಿ ಮಾಡಿ, ಹೆಲ್ಮೆಟ್ ಎತ್ತಿಕೊಂಡರು. ಮಾರ್ಗರೆಟ್ ಕಾಗದ ಮಡಚಿದಳು. ಚೆನ್ನು ಆಗಲೇ ತನ್ನ ಕಾರಿನೊಳಗೆ ಕೂತಿದ್ದ. ಮಾವ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು.

ನಾನು ಆ ಬಾಗಿಲಿಗೂ ಅವರ ಮೈಗೂ ನಡುವೆ ಹೋಗಿ ನಿಂತೆ. ಎಲ್ಲರೂ ನನ್ನನ್ನು ನೋಡಿದರು. ಹಾಗೆ ಎಲ್ಲರೂ ನನ್ನನ್ನು ನೋಡುವುದೇ ನನಗೆ ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯ ಸಂಗತಿ.

"ಎಂತ ಮಾರಾಯ್ತಿ?" ಎಂದರು ಅತ್ತೆ.

"ಅತ್ತೆ, ಕಾರು ಓಡಿಸಬಾರದು ಅಂತ ಡಾಕ್ಟರು ಮಾವನಿಗೆ ಹೇಳಿದ್ದಾರೆ" ಎಂದೆ. "ಹೇಳುವಾಗ ನಾನೂ ಅಲ್ಲೇ ಇದ್ದೆ."